ಸಿರಿಂಜ್ ಹಿಡಿದ ಕೈ ನನ್ನದು!

“ಈ ಇಂಜೆಕ್ಷನ್ ನಾನು ಕೊಡಲ್ಲ, ಡಾಕ್ಟರ್!”

ಮಕ್ಕಳ ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಸ್ಪತ್ರೆ ಸೇರಿ ಮೂರೇ ದಿನವಾಗಿದ್ದ ಹೊಸ ಡಾಕ್ಟರ್ ಹುಬ್ಬು ಗಂಟಿಕ್ಕಿದ.

“ಏನಂದ್ರಿ ಸಿಸ್ಟರ್?”

“ಡೋಸ್ ಜಾಸ್ತಿಯಾಯ್ತು. ಈ ಮಗು ಹದಿನೆಂಟು ಕೆಜಿ ಇರೋಕೆ ಸಾಧ್ಯವೇ ಇಲ್ಲ.”

“ಫೈಲ್‌ನಲ್ಲಿ ಹಾಗೇ ಇದೆ. ಇಲ್ಲಿ ಡಾಕ್ಟರ್ ಯಾರು, ನಾನಾ ನೀವಾ?”

“ನೀವೇ. ಆದ್ರೆ ಸಿರಿಂಜ್ ಹಿಡಿದಿರೋ ಕೈ ನನ್ನದು!”

ಅವಳು ಮಗುವನ್ನು ಎತ್ತಿ ತೂಕದ ಯಂತ್ರದ ಮೇಲೆ ಮಲಗಿಸಿದಳು. ಕೆಂಪು ಅಂಕಿಗಳು ಮಿನುಗಿದವು. ಎಂಟು ಕೆಜಿ! ದಾಖಲು ಮಾಡುವಾಗ ಯಾರೋ ಅವಸರದಲ್ಲಿ ಎಂಟನ್ನು ಹದಿನೆಂಟು ಮಾಡಿದ್ದರು.

ಅವನ ಮುಖ ಬಿಳಿಚಿಕೊಂಡಿತು. ಡೋಸ್ ತಿದ್ದಿ, ಸಹಿ ಹಾಕಿ ಹೊರಟೇ ಹೋದ.

‘ಒಂದು “ಸಾರಿ” ಕೂಡ ಬಾಯಿಂದ ಉದುರಲಿಲ್ಲವಲ್ಲ... ಎಂಥ ಜಂಬ!’

ಮಧ್ಯಾಹ್ನ ಮೇಟ್ರನ್ ಏದುಸಿರು ಬಿಡುತ್ತಾ ಬಂದರು. “ಸೂಪರಿಂಟೆಂಡೆಂಟ್ ಕರೀತಿದ್ದಾರೆ. ಆ ಡಾಕ್ಟರ್ ನಿನ್ನ ಮೇಲೆ ಏನೋ ಬರೆದು ಕೊಟ್ಟಿದ್ದಾರಂತೆ. ಕ್ಷಮೆ ಕೇಳಿಬಿಡು ತಾಯಿ... ಮಾತು ಬಲ್ಲವನಿಗೆ ಜಗಳ ಇಲ್ಲ.”

“ಮಗು ಉಳಿಸಿದ್ದಕ್ಕೆ ಕ್ಷಮೇನಾ? ಕೆಲಸ ಹೋದ್ರೂ ಕೇಳಲ್ಲ, ಮೇಡಂ!”

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಅವನೂ ನಿಂತಿದ್ದ. ಅವಳು ಕಾಯಲೇ ಇಲ್ಲ.

“ಸರ್, ನಾಳೆ ಇಂಥದ್ದೇ ಬರೆದ್ರೂ ನಾನು ಹೀಗೇ ತಡೀತೀನಿ!”

“ಮೊದಲು ಓದಮ್ಮ,” ಎಂದು ಹಿರಿಯರು ನಗುತ್ತಾ ಕಾಗದ ಚಾಚಿದರು.

‘ತೂಕ ಖಚಿತಪಡಿಸಿಕೊಳ್ಳದೆ ಡೋಸ್ ಬರೆದದ್ದು ನನ್ನ ತಪ್ಪು. ಸಿಸ್ಟರ್ ತಡೆಯದಿದ್ದರೆ ಮಗುವಿನ ಜೀವಕ್ಕೇ ಕುತ್ತು ಬರುತ್ತಿತ್ತು. ಡಾಕ್ಟರನ್ನು ಪ್ರಶ್ನಿಸಿದ ಯಾವ ನರ್ಸಿಗೂ ತೊಂದರೆಯಾಗಬಾರದೆಂದು ನಿಯಮ ಮಾಡಿ.’

ಅಕ್ಷರಗಳು ಮಸುಕಾದವು. ಅಯ್ಯೋ... ಇವನನ್ನೇ ನಾನು ಜಂಬಗಾರ ಅಂದುಕೊಂಡೆನಾ?

ಹೊರಗೆ ಬಂದ ಮೇಲೆ ಅವನು ಮೆಲ್ಲಗೆ ಹೇಳಿದ. “ಆಗಲೇ ಸಾರಿ ಕೇಳ್ಬೇಕಿತ್ತು. ಬಾಯಿ ತೆರೆದ್ರೆ ಅಲ್ಲೇ ಅತ್ತುಬಿಡ್ತೀನೇನೋ ಅನ್ನಿಸ್ತು.”

ಮುಂದಿನ ಎಂಟು ತಿಂಗಳಲ್ಲಿ ಇಬ್ಬರೂ ನೂರು ಸಲ ಕಿತ್ತಾಡಿದರು. ಕಿತ್ತಾಡದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ!

ಒಂದು ಮಧ್ಯಾಹ್ನ ಅವಳು ತೊಟ್ಟಿಲ ಬಟ್ಟೆಗಳನ್ನು ಮಡಚುತ್ತಿದ್ದಾಗ ಅವನು ಬಂದು ನಿಂತ.

“ಇನ್ಮೇಲೆ ನಿಮ್ಮನ್ನ ಸಿಸ್ಟರ್ ಅನ್ನೋಕೆ ನನ್ನಿಂದಾಗಲ್ಲ.”

“ಯಾಕೆ? ನಾನೇನು ತಪ್ಪು ಮಾಡ್ದೆ?”

“ಏನೂ ಇಲ್ಲ... ನಿಮ್ಮನ್ನ ಪ್ರೀತಿಸ್ತಿದ್ದೀನಿ. ಮದುವೆ ಆಗ್ತೀರಾ?”

ಅವಳ ಕೈಯಲ್ಲಿದ್ದ ಬಟ್ಟೆ ಜಾರಿತು. ಆದರೂ ಗಲ್ಲ ಮೇಲೆತ್ತಿಯೇ ಹೇಳಿದಳು.

“ಮದುವೆಯಾದ್ರೂ ಕೆಲಸ ಬಿಡಲ್ಲ. ಎದುರು ಮಾತಾಡೋದಂತೂ ಬಿಡೋದೇ ಇಲ್ಲ! ನಿಮ್ಮಮ್ಮ ಒಪ್ತಾರಾ?”

“ನಮ್ಮಮ್ಮ ಮೂವತ್ತು ವರ್ಷ ನರ್ಸಾಗಿದ್ದೋರು. ನಿಮ್ಮ ವಿಷಯ ಹೇಳಿದ ದಿನವೇ ನನಗೆ ಚೆನ್ನಾಗಿ ಬೈದು, ‘ಆ ಹುಡುಗೀನ ಯಾವಾಗ ಮನೆಗೆ ಕರ್ಕೊಂಡ್ ಬರ್ತೀಯೋ’ ಅಂದ್ರು!”

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

“ನೀವಿನ್ನೂ ಉತ್ತರ ಹೇಳಲಿಲ್ಲ...”

“ಸುಮ್ನೆ ನಿಂತಿದ್ದೀಯಲ್ಲ, ಈ ಬಟ್ಟೆ ತುದಿ ಹಿಡ್ಕೋ.”

“‘ಹಿಡ್ಕೊಳ್ಳಿ’ ಅಲ್ಲ, ‘ಹಿಡ್ಕೋ’... ಅಂದ್ರಾ? ಅಂದ್ರೆ...?”

“ಹೂಂ ಅಂದೆ ಕಣೋ!”