ಎಣ್ಣೆ ಪರೀಕ್ಷಕನ ಕರಾರು

ಯುದ್ಧದ ಕಾಲದಲ್ಲಿ ತೆಂಗಿನಗುಂಡಿಯ ಮೀನೆಣ್ಣೆ ಶೆಡ್ಡಿನಲ್ಲಿ ಮೊದಲ ಹಂಡೆಯ ಮುಚ್ಚಳ ತೆಗೆದ ದಿನ, ಭಟ್ಕಳದ ಮೇಲೆ ಬಾಂಬು ಹಾಕಲು ನೀರಿನಡಿಯಲ್ಲಿ ಬಂದಿದ್ದ ಜಪಾನಿನ ಹಡಗೊಂದು ಆ ನಾತಕ್ಕೆ ತಲೆ ತಿರುಗಿ, ಸತ್ತ ಮೀನಿನ ಹಾಗೆ ಹೊಟ್ಟೆ ಮೇಲಾಗಿ ತೇಲಿ, ಬಂದ ದಾರಿಯಲ್ಲೇ ಊರಿಗೆ ಓಡಿತು. ಯುದ್ಧ ಗೆದ್ದದ್ದು ಯಾರೆಂದು ದೊಡ್ಡವರು ಏನಾದರೂ ಹೇಳಿಕೊಳ್ಳಲಿ. ಗೆದ್ದದ್ದು ನಮ್ಮ ಹಂಡೆ. ಕಣ್ಣಾರೆ ಕಂಡವನು ಹಂಡೆಯ ಕೆಳಗೆ ಬೆಂಕಿ ಒಟ್ಟುತ್ತಿದ್ದ ಈ ದುರ್ಗ ಒಬ್ಬನೇ.

ಇನ್ನು ಸೋಮಿಯ ಮೂಗಿನ ವಿಷಯ. ಕುಮಟೆಯಲ್ಲಿ ಯಾರಾದರೂ ಸಾರಿಗೆ ಒಗ್ಗರಣೆ ಹಾಕಿದರೆ ಅವಳು ಭಟ್ಕಳದಲ್ಲಿ ಕೂತು, "ಅಯ್ಯೋ, ಸಾಸಿವೆ ಸೀದೋಯ್ತು" ಎನ್ನುತ್ತಿದ್ದಳು. ಅಂಥ ಮೂಗಿನವಳು ಅಂಥ ಶೆಡ್ಡಿನವನನ್ನು ಮೆಚ್ಚಿದ್ದೇ ಈ ಕಥೆ.

ಸೋಮಿ ಗದ್ದೆ ಬಯಲಿನವಳು. ಅಪ್ಪ ಬೆಳೆದ ಹರಿವೆ, ಮೊಗೆಕಾಯಿ, ಬಸಳೆಯನ್ನು ತಲೆಯ ಮೇಲೆ ಹೊತ್ತು ಭಟ್ಕಳದ ಸಂತೆಗೆ ಬರುವಳು. ಹಾಡು ಕಟ್ಟಿ ಹೇಳುವುದರಲ್ಲಿ ಅವಳ ಕೇರಿಗೇ ಮುಂದು. ಒಂದು ಸಂತೆಯ ದಿನ ಅವಳ ಬುಟ್ಟಿಯ ಮುಂದೆ ಹೊಚ್ಚ ಹೊಸ ಖಾಕಿ ಟೋಪಿಯೊಂದು ಬಂದು ನಿಂತಿತು. ಟೋಪಿಯ ಕೆಳಗೆ ಕರ್ಕಿಯ ಜಟ್ಟ ಇದ್ದ.

"ಈ ಮೊಗೆಕಾಯಿ ಕಹಿಯನಾ?"

"ತಿಂದು ನೋಡು."

ಜಟ್ಟ ಚೂರು ಕತ್ತರಿಸಿ ಬಾಯಿಗಿಟ್ಟ. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಕೋರ್ಟಿನಲ್ಲಿ ತೀರ್ಪು ಬರೆಯುವವನ ಗಾಂಭೀರ್ಯದಲ್ಲಿ ಅಗಿದ. "ಪಾಸು," ಎಂದ.

ಸೋಮಿಗೆ ನಗು ತಡೆಯಲಾಗಲಿಲ್ಲ. ಕತ್ತಿನ ಮಣಿಸರಗಳನ್ನು ಬಾಯಿಗೆ ಅಡ್ಡ ಹಿಡಿದಳು. ನಗು ಮಣಿಗಳ ಸಂದಿಯಿಂದ ಸೋರಿತು. "ನೀ ಎಂತ ಸರ್ಕಾರದ ಮನ್ಷನಾ?"

"ಎಣ್ಣೆ ಪರೀಕ್ಷಕ. ತೆಂಗಿನಗುಂಡಿಯಲ್ಲಿ. ಕರಾರಾಗಿದೆ, ಹೆಬ್ಬೆಟ್ಟು ಒತ್ತಾಗಿದೆ."

"ಅಂದ್ರೆ ಎಂತ ಕೆಲ್ಸ?"

ಜಟ್ಟ ಟೋಪಿ ಸರಿಮಾಡಿಕೊಂಡ. ಅವನಿಗೂ ಗೊತ್ತಿರಲಿಲ್ಲ. "ಪರೀಕ್ಷೆ ಮಾಡೂದು."

"ಹುಡುಗೀರನ್ನೂ ಮಾಡ್ತ್ಯಾ?"

"ಅದು ಕರಾರಿನಲ್ಲಿಲ್ಲ," ಎಂದು ಜಟ್ಟ ಕಿವಿಯ ತುದಿಯವರೆಗೆ ಕೆಂಪಾದ. ಆ ಕೆಂಪು ನೋಡಿ ಸಂತೆಯ ಕುಂಬಳಕಾಯಿಗಳು ಒಂದೇ ಕ್ಷಣದಲ್ಲಿ ಹಣ್ಣಾದವೆಂದು ಹೇಳಿದರೆ ನೀವು ನಂಬುವುದಿಲ್ಲ. ಆದವು.

ಮೂರು ಸಂತೆ ಕಳೆಯುವುದರೊಳಗೆ ಜಟ್ಟ ಸೋಮಿಯ ಅಪ್ಪನನ್ನೂ ಕಂಡು ಬಂದ. ಕುಮಟೆಯಿಂದಲೂ ಒಂದು ಸಂಬಂಧ ಬಂದಿತ್ತು, ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವ ಹುಡುಗ. ಅಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಪರೀಕ್ಷಕ ಅಂದ್ರೆ ದೊಡ್ಡ ಹುದ್ದೆಯೇ ಸೈ. ಮಳೆ ಬೀಳೂದ್ರೊಳಗೆ ನಿನ್ನ ಕರಾರು ಮುಗ್ಸಿಕೊಂಡು ಬಾ. ಬರ್ದಿದ್ರೆ ಕುಮಟೆಗೆ ಕೊಡ್ತೆ, ಆತಾ?" ಎಂದ. ಜಟ್ಟ ಆತು ಎಂದ.

ಸೋಮಿ ಮಾತ್ರ ಅಷ್ಟಕ್ಕೆ ಬಿಡುವವಳಲ್ಲ. ಮದುವೆಯ ಹಾಡಿನಲ್ಲಿ ಗಂಡಿನ ಕಸುಬು ಹೇಳಬೇಕು. ಕಾಣದ ಕಸುಬನ್ನು ಹೇಗೆ ಹಾಡುವುದು? ನೋಡಿಯೇ ಬರುತ್ತೇನೆಂದು ಬುಟ್ಟಿ ಹೊತ್ತು, ತಲೆಗೆ ಸಂಪಿಗೆ ಮುಡಿದು, ತೆಂಗಿನಗುಂಡಿಗೆ ಹೊರಟಳು.

ನಾತ ಅವಳನ್ನು ಅರ್ಧ ದಾರಿಯಲ್ಲೇ ಎದುರುಗೊಂಡಿತು. ಬರೀ ಮೀನಿನ ವಾಸನೆಯಾದರೆ ಕರಾವಳಿಯವಳಿಗೆ ಎಂತದು? ಇದು ಬೇರೆ. ಬಿಸಿಲಿಗೆ ಕೊಳೆತ ಶಾರ್ಕ್ ಮೀನಿನ ಲಿವರನ್ನು ರಾಶಿ ಹಾಕಿ ಹಂಡೆಯಲ್ಲಿ ಕುದಿಸಿದ ನಾತ. ಅದು ಮೂಗಿಗೆ ಬರುವುದಲ್ಲ, ನಾಲಿಗೆಗೆ ಅಂಟುವುದು, ಹಲ್ಲಿನ ಸಂದಿಗೆ ಇಳಿಯುವುದು. ಶೆಡ್ಡಿನ ಗೋಡೆ ಜಿಡ್ಡು, ನೆಲ ಜಿಡ್ಡು. ನೊಣಗಳು ಸಹ ಜಿಡ್ಡಾಗಿ ಹಾರಲಾರದೆ ನಡೆದು ಹೋಗುತ್ತಿದ್ದವು. ನಡುವೆ ಜಟ್ಟ, ಟೋಪಿ ಇಟ್ಟುಕೊಂಡು, ಹಿತ್ತಾಳೆ ಚಮಚದಲ್ಲಿ ಹಳದಿ ಎಣ್ಣೆ ಎತ್ತಿ ಬಾಯಿಗೆ ಸುರಿದುಕೊಂಡು ನುಂಗುತ್ತಿದ್ದ. ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬರಲು ಒಪ್ಪದೆ ಅಲ್ಲೇ ನಿಂತಿತ್ತು.

ಅವಳನ್ನು ಕಂಡು ಅವನು ನಕ್ಕ. ಹಲ್ಲಿನ ಮೇಲೆಲ್ಲ ಎಣ್ಣೆ.

ಸೋಮಿ ಬುಟ್ಟಿಯನ್ನು ಅಲ್ಲೇ ಒಗೆದು ಓಡಿದಳು. ಹಾದಿಯ ಪಕ್ಕದಲ್ಲಿ ಕೂತು ಬೆಳಗಿನ ಗಂಜಿಯನ್ನೆಲ್ಲ ಕಾರಿದಳು. ತಲೆಯ ಸಂಪಿಗೆ ಕಿತ್ತು ಮೂಗಿಗೆ ಒತ್ತಿದರೆ ಅದೂ ಮೀನೆಣ್ಣೆಯ ನಾತ. ಹೂವನ್ನೂ ಬಿಸಾಡಿದಳು.

ಜಟ್ಟ ಹಿಂದೆಯೇ ಬಂದ. "ಸೋಮಿ..."

"ಹತ್ರ ಬರ್ಬೇಡ! ಥೂ! ಇದಾ ನಿನ್ನ ಪರೀಕ್ಷೆ? ಟೋಪಿ ಇಟ್ಕೊಂಡು ಕೊಳೆತದ್ದು ಕುಡಿಯೂದಾ?"

"ನಂಗೂ ಗೊತ್ತಿರ್ಲಿಲ್ಲ ಮಾರಾಯ್ತಿ. ಪರೀಕ್ಷಕ ಅಂತ ಮಾತ್ರ ಕೇಳಿಸ್ತು. ಉಳಿದದ್ದನ್ನ ಶೆಡ್ಡಿನ ಲಿಂಗಪ್ಪ ಸಾಹುಕಾರ್ರು ಬೆಳಗಾಗೂ ಹೊತ್ತಿನ ಆಟದ ಭಾಗವತರ ಹಾಗೆ ಗಡಬಡ ಓದಿ ಮುಗ್ಸಿದ್ರು."

"ಬಿಟ್ಟು ಬಾ."

"ಬರೂಕಾಗೂದಿಲ್ಲ. ಹೆಬ್ಬೆಟ್ಟು ಒತ್ತಿದ್ದೆ."

"ಹಾಗಾದ್ರೆ ನಾ ಕುಮಟೆಗೆ ಹೋಗ್ತೆ. ಬಟ್ಟೆ ಅಳೆಯುವವ ಹೊಸ ಬಟ್ಟೆಯ ಹಾಗೆ ಘಮಘಮ ಇರ್ತಾನೆ."

ಹೀಗೆಂದು ಹೋದವಳು ಮತ್ತೆ ಬಂದದ್ದೇಕೆ? ಒಗೆದ ಬುಟ್ಟಿ ತರಲು ಎಂದು ಮನೆಯಲ್ಲಿ ಹೇಳಿದಳು. ಬುಟ್ಟಿ ತಂದ ಮೇಲೂ ಬಂದಳು. ಬಸಳೆ ಶೆಡ್ಡಿನ ಕೂಲಿಯವರಿಗೆ ಬೇಕಂತೆ ಎಂದಳು. ಬಸಳೆ ಮುಗಿದ ಮೇಲೂ ಬಂದಳು. ಆಗ ಯಾರೂ ಕೇಳಲಿಲ್ಲ.

ಆದರೆ ಗಾಳಿ ನೋಡಿಕೊಂಡು ಬರುತ್ತಿದ್ದಳು. ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ. ಆಗ ನಾತವೆಲ್ಲ ಕಡಲಿನ ಪಾಲು. ಸೋಮಿ ಮೇಲುಗಡೆಯ ಹೊನ್ನೆ ಮರದ ಬುಡದಲ್ಲಿ ನಿಲ್ಲುವಳು, ಜಟ್ಟ ಶೆಡ್ಡಿನ ಬಾಗಿಲಲ್ಲಿ. ನಡುವೆ ಒಂದು ಗದ್ದೆಯಷ್ಟು ಜಾಗ. ಪ್ರೀತಿಯ ಮಾತೆಲ್ಲ ಕೂಗಿಯೇ ಆಡಬೇಕು. ಅವರು ಪಿಸುಮಾತು ಆಡಿದರೆ ಶಿರಾಲಿಗೂ ಕೇಳುತ್ತಿತ್ತು.

"ಇವತ್ತು ಹೇಗೆ ಕಾಣ್ತೆ ನಾನು?"

"ದೂರ ಕಾಣ್ತಿ!"

"ಅಲ್ಲೇ ಇರು! ಆ ಸೀಗೆಕಾಯಿ ಹಾಕಿ ಮೀಯೂಕೆ ಎಂತ ಧಾಡಿ ನಿಂಗೆ?"

"ಕರಾರಿನಲ್ಲಿ ಕೂಡದು!"

ಆಗ ಅವನು ಬಾಯಿಪಾಠವಾಗಿದ್ದ ಕರಾರನ್ನು ಒಂದೊಂದಾಗಿ ಕೂಗಿ ಹೇಳಿದ. ಪರೀಕ್ಷಕನೆಂದರೆ ಪ್ರತಿ ಡಬ್ಬಿಯಿಂದ ಹಿತ್ತಾಳೆ ಚಮಚದ ತುಂಬ ಎಣ್ಣೆ ತೆಗೆದು, ನುಂಗಿ, ಹಳಸಿಲ್ಲವೆಂದು ಹೇಳತಕ್ಕವನು. ನುಂಗಿದ್ದನ್ನು ಕಾರಿದರೆ ನುಂಗಿದಂತಾಗದು. ಅವಧಿ ಮುಗಿಯುವವರೆಗೆ ಎಲೆ, ಅಡಿಕೆ, ಖಾರ, ಹುಳಿ, ಹೂವು, ಸೀಗೆಕಾಯಿ, ವಾಸನೆ ಸಾಬೂನು ಮುಟ್ಟಕೂಡದು. ಒಂದು ಡಬ್ಬಿ ತಪ್ಪಿದರೂ ಅವಧಿ ಮೊದಲಿನಿಂದ ಶುರುವಾಗತಕ್ಕದ್ದು. ಕೊನೆಗೆ, "ಈ ಕೆಲಸವನ್ನು ನಾನಾಗಲಿ ನನ್ನ ಮನೆಯವರಾಗಲಿ ತಕರಾರಿಲ್ಲದೆ ನಡೆಸಿಕೊಡುತ್ತೇವೆ" ಎಂದಿತ್ತು.

"ಮನೆಯವ್ರು ಅಂದ್ರೆ ಯಾರು?" ಸೋಮಿ ಕೂಗಿದಳು.

ಜಟ್ಟ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಂಗ್ಯಾರಿದ್ದಾರೆ? ಅಪ್ಪ, ಅವ್ವ ಇಬ್ರೂ ತೀರ್ಕೊಂಡ್ರು. ಅದು ಬರೀ ಬರ್ದದ್ದು."

ಈ ಮಾತನ್ನು ಅವನು ಕೂಗಿ ಹೇಳಲಿಲ್ಲ. ಆದರೂ ಅವಳಿಗೆ ಕೇಳಿಸಿತು. ಅಷ್ಟರಲ್ಲಿ ಎಲೆಗಳು ಅಲುಗಿದವು, ಕಡಲಗಾಳಿ ಏಳತೊಡಗಿತು. ಸೋಮಿ ಸೆರಗಿನಿಂದ ಮೂಗು ಮುಚ್ಚಿ ಓಡಿದಳು. ಓಡುತ್ತಲೇ ತಿರುಗಿ ನೋಡಿದಳು. ಸೆರಗಿನ ಮೇಲೆ ಕಣ್ಣೆರಡೇ ಕಾಣುತ್ತಿದ್ದವು. ಜಟ್ಟ ಆ ಎರಡು ಕಣ್ಣುಗಳ ಬಲದಿಂದ ಆ ದಿನದ ಡಬ್ಬಿಗಳನ್ನೆಲ್ಲ ನುಂಗಿದ.

ಮುಗಿಲು ಕಪ್ಪಾಗುವ ಹೊತ್ತಿಗೆ ಕೊನೆಯ ಮಾಲು ಒಯ್ಯಲು ಹೊನ್ನಾವರದಿಂದ ಮಚವೆ ದೋಣಿ ಬಂದು ನಿಂತಿತು. ಏಳು ಡಬ್ಬಿ ಬಾಕಿ. ಅವು ಪಾಸಾದರೆ ಕರಾರು ಮುಗಿಯಿತು. ಅದೇ ದಿನ ಜಟ್ಟ ಚಾಪೆ ಹಿಡಿದ. ಜ್ವರ ಕೆಂಡ, ನಾಲಿಗೆಯ ಮೇಲೆ ಬೆಳ್ಳಗೆ ಪದರ. ನೀರು ಕುಡಿಸಿದರೂ ನಿಲ್ಲುತ್ತಿರಲಿಲ್ಲ. ಲಿಂಗಪ್ಪ ಬಾಗಿಲಲ್ಲಿ ನಿಂತು, ದುಃಖ ತೋರಿಸಬೇಕಾದ ಮುಖದಲ್ಲಿ ಸಂತೋಷವನ್ನು ಅಡಗಿಸಲು ಹೆಣಗುತ್ತಿದ್ದ. ಇಂಥ ನಾಲಿಗೆ ಇನ್ನೆಲ್ಲಿ ಸಿಕ್ಕೀತು?

"ಪಾಪ. ಎಂತ ಮಾಡೂದು ಜಟ್ಟಾ? ಕರಾರು ಕರಾರೇ. ಮಳೆ ಕಳೆದ ಮೇಲೆ ಮೊದಲಿನಿಂದ ಶುರು ಮಾಡುವಾ."

ಸುದ್ದಿ ಕೇಳಿ ಸೋಮಿ ಬಂದಳು. ಬೆಳಿಗ್ಗೆಯಲ್ಲ, ನಡುಮಧ್ಯಾಹ್ನ. ಕಡಲಗಾಳಿ ಶೆಡ್ಡಿನ ನಾತವನ್ನೆಲ್ಲ ಬಾಚಿ ನೇರ ಅವಳ ಮುಖಕ್ಕೆ ಎರಚುತ್ತಿತ್ತು. ಅವಳು ಹೊನ್ನೆ ಮರ ದಾಟಿದಳು. ಗದ್ದೆಯಷ್ಟು ಜಾಗ ದಾಟಿದಳು. ಜಿಡ್ಡಿನ ನೆಲದ ಮೇಲೆ ಬರಿಗಾಲಿಟ್ಟು ಒಳಗೆ ಬಂದು, "ಚಮಚ ಎಲ್ಲುಂಟು?" ಎಂದು ಕೇಳಿದಳು.

"ನೀ ಯಾರೇ?" ಲಿಂಗಪ್ಪ ಬೆಚ್ಚಿದ.

"ಅವನ ಮನೆಯವಳು."

"ಯಾವಾಗಿಂದ?"

"ಈಗಿಂದ."

"ತಾಳಿ ಎಲ್ಲಿ?"

"ಕರಾರಿನಲ್ಲಿ ತಾಳಿ ಅಂತ ಬರ್ದಿದ್ಯಾ? ಓದಿ ಒಡೆಯಾ. ಈ ಸಲ ನಿಧಾನಕ್ಕೆ ಓದಿ."

ಲಿಂಗಪ್ಪ ಕಾಗದ ತೆಗೆದ. ಮೇಲಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ. ಚಮಚ ಯಾವ ಲೋಹದ್ದೆಂದು ಬರೆದಿದ್ದ, ಮುಡಿಯಬಾರದ ಹೂವನ್ನೂ ಬರೆದಿದ್ದ. ಮನೆಯವರು ಎಂದರೆ ಯಾರೆಂದು ಬರೆಯಲು ಮರೆತಿದ್ದ. ಮಚವೆ ನಡೆಸುವ ತಂಡೇಲ ಹೊರಗಿನಿಂದ, "ಸಾಹುಕಾರ್ರೆ, ಮುಗಿಲು ನೋಡಿ, ನಾ ಹೊರಡೂದೇ!" ಎಂದು ಕೂಗುತ್ತಿದ್ದ. ಲಿಂಗಪ್ಪ ಚಮಚ ಕೊಟ್ಟ.

ಆಗ ಸೋಮಿ ಏನು ಮಾಡಿದಳೆಂದರೆ, ಎಳನೀರು ಕುಡಿಯುವವಳ ಹಾಗೆ ನಸುನಗುತ್ತ ಚಮಚ ಎತ್ತಿದಳು. ಒಂದನೆಯ ಡಬ್ಬಿ ನುಂಗಿ ತುಟಿ ಸವರಿದಳು. ಮೂರನೆಯದಕ್ಕೆ ಹಾಡು ಹೇಳಿದಳು. ಏಳನೆಯದಕ್ಕೆ ಇನ್ನೊಂದು ಚಮಚ ಇದ್ಯಾ ಎಂದು ಕೇಳಿದಳು. ಅವಳ ತುಟಿ ಸೋಕಿದ್ದೇ ಶೆಡ್ಡಿನ ನಾತವೆಲ್ಲ ಕರಗಿ ಸಂಪಿಗೆಯ ಪರಿಮಳವಾಯಿತು. ಆ ಪರಿಮಳ ಮೂಗಿಗೆ ಬಡಿದದ್ದೇ ಜಟ್ಟನ ಜ್ವರ ಇಳಿಯಿತು. ಅವನು ಚಾಪೆಯಿಂದ ನೆಗೆದು ಎದ್ದ, ಇಬ್ಬರೂ ಕೈ ಹಿಡಿದುಕೊಂಡು ಹೊರಬಂದರು, ಮೊದಲ ಮಳೆಯ ಹನಿ ಅವರ ಮೇಲೆ ಅಕ್ಷತೆಯ ಹಾಗೆ ಬಿತ್ತು. ಬೆಂಕಿ ಒಟ್ಟುತ್ತ ಅಲ್ಲೇ ಇದ್ದ ದುರ್ಗ ಆನಂದದಿಂದ ಅತ್ತ.

ಇಷ್ಟು ಬರೆದು, ಬಲು ಚಂದ ಬಂತೆಂದು ಹಿಗ್ಗಿ, ಸೋಮಿಯ ಅಂಗಳಕ್ಕೆ ಹೋಗಿ ಓದಿ ಹೇಳಿದೆ. ಅವಳು ಹರಿವೆ ಸೋಸುತ್ತಿದ್ದಳು. ಜಟ್ಟ ಪಕ್ಕದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಓದು ಮುಗಿದಾಗ ಸೋಮಿಯ ಕೈ ನಿಂತಿತ್ತು.

"ದುರ್ಗಣ್ಣಾ, ಎಳನೀರಿನ ಹಾಗೆ ಕುಡಿದ್ನಾ ನಾನು?"

"ಕಥೆಗೆ ಚಂದ ಅಂತ..."

"ನೀ ಅವತ್ತು ಎಲ್ಲಿದ್ದೆ?"

ಹಂಡೆಯ ಹತ್ತಿರ ಎಂದೆ.

"ಹಂಡೆಯ ಹತ್ರ!" ಜಟ್ಟ ಹಗ್ಗ ಕೆಳಗಿಟ್ಟು ನಕ್ಕ. "ಮೊದಲ್ನೇ ದಿನ ಮುಚ್ಚಳ ತೆಗೂಕೂ ಮೊದ್ಲೇ ಓಡ್ದವ ಇವ. ಕುಮಟೆ ಬದಿಯ ಕತಗಾಲದಲ್ಲಿ ಅಡಿಕೆ ಸುಲೀತಾ ಕೂತಿದ್ದ."

ಸಿಕ್ಕಿಬಿದ್ದೆ. ಹೌದು, ಓಡಿದ್ದೆ. ಜಪಾನಿನ ಹಡಗು ಇರಲಿಲ್ಲ. ಮೂಗು ಮುಚ್ಚಿಕೊಂಡು ತಿರುಗಿ ಹೋದದ್ದು ನಾನು. ಉಳಿದ ನಿಜವನ್ನು ಆ ದಿನ ಅಂಗಳದಲ್ಲಿ ಅವರಿಬ್ಬರ ಬಾಯಿಂದ ಕೇಳಿದೆ. ಅದನ್ನು ಬಣ್ಣ ಹಚ್ಚದೆ ಬರೆಯುತ್ತಿದ್ದೇನೆ.

ಮೊದಲ ಚಮಚವನ್ನು ಸೋಮಿ ನುಂಗಿದ ಕೂಡಲೇ ಕಾರಿದಳು, ಚಾಪೆಯ ಮೇಲೆ, ಜಟ್ಟನ ಎದೆಯ ಮೇಲೆ. ಕಾರಿದ್ದು ಲೆಕ್ಕಕ್ಕಿಲ್ಲವೆಂದು ಲಿಂಗಪ್ಪ ಹೇಳಿದ. ಮತ್ತೆ ಎತ್ತಿದಳು, ಮತ್ತೆ ಕಾರಿದಳು. ಮಣಿಸರಗಳು ತೊಯ್ದು ತೊಪ್ಪೆಯಾದವು. ಅತ್ತಳು. ಎಣ್ಣೆಗೂ, ಲಿಂಗಪ್ಪನಿಗೂ, ಜಟ್ಟನ ಟೋಪಿಗೂ ಬಾಯಿಗೆ ಬಂದಂತೆ ಬೈದಳು. ಜಟ್ಟ ಮೊಣಕೈ ಊರಿ ಎದ್ದು, "ಬೇಡ ಸೋಮಿ. ನೀ ಕುಮಟೆಗೆ ಹೋಗು. ಇನ್ನೊಂದು ವರ್ಷ ನಾನೇ ಕುಡೀತೆ," ಎಂದ. "ಬಾಯಿ ಮುಚ್ಚು. ನಿನ್ನ ಬಾಯಿಯ ನಾತ ಅದಕ್ಕಿಂತ ಕಡೆ," ಎಂದು ಅವಳು ಅವನ ಕೈಯನ್ನು ತೆಗೆದು ತನ್ನ ಮೂಗಿನ ಮೇಲೆ ಒತ್ತಿಕೊಂಡಳು. ಆ ಕೈಯೂ ನಾರುತ್ತಿತ್ತು. ಅವನು ಎರಡು ಬೆರಳುಗಳಲ್ಲಿ ಅವಳ ಮೂಗು ಹಿಡಿದ, ಅವಳು ಕಣ್ಣು ಮುಚ್ಚಿ ನುಂಗಿದಳು. ಏಳು ಡಬ್ಬಿಯೂ ಹಾಗೆಯೇ ಮುಗಿದವು. ಅವರು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

"ನಾತ ಸಂಪಿಗೆ ಆತು ಅಂತ ಬರ್ದಿದ್ಯಲ್ಲ," ಸೋಮಿ ಹರಿವೆಯ ಕಡ್ಡಿಯನ್ನು ನನ್ನ ಮೇಲೆ ಎಸೆದಳು, "ಅದನ್ನ ಹೊಡೆದು ಹಾಕು. ಈಗ್ಲೂ ಇವ ಬೆವರಿದ್ರೆ ಅದೇ ನಾತ. ಹೇಸಿಗೆ!"

ಹಾಗೆಂದು ಮುಖ ಸಿಂಡರಿಸಿ, ಮೂಗಿಗೆ ಸೆರಗು ಹಿಡಿದಳು. ಆದರೆ ಜಟ್ಟನ ಪಕ್ಕದಿಂದ ಎದ್ದು ಹೋಗಲಿಲ್ಲ. ಇದನ್ನು ಮಾತ್ರ ನಾನು ಕಣ್ಣಾರೆ ಕಂಡೆ.