ಕೌಜುಗದ ಫಿರ್ಯಾದಿ

ಜೂನ್ ಹನ್ನೊಂದು, ಬುಧವಾರ. ತೆಲುಗು ನಾಡಿನ ಗಚ್ಚಿಬೌಲಿ ಕಡೆಯ ಒಂದು ಪೊಲೀಸ್ ಠಾಣೆಗೆ ಬೆಳಿಗ್ಗೆ ಏಳು ನಲವತ್ತಕ್ಕೆ ಒಬ್ಬ ಮುದುಕ ಖಾಲಿ ಪಂಜರ ಹಿಡಿದುಕೊಂಡು ಬಂದ. ಹೆಸರು ದ್ಯಾವಪ್ಪ, ವಯಸ್ಸು ಐವತ್ತೆಂಟು, ಊರು ರಾಯಚೂರು ಜಿಲ್ಲೆ, ಉದ್ಯೋಗ ಕಟ್ಟಡದ ಕೂಲಿ. ನಿನ್ನೆ ಮಧ್ಯಾಹ್ನ ತನ್ನ ತಗಡಿನ ಶೆಡ್ಡಿನಿಂದ ಹಕ್ಕಿ ಕಳುವಾಗಿದೆ ಎಂದು ದೂರು ಕೊಟ್ಟ. ಯಾವ ದೂರನ್ನೂ ವಾಪಸು ಕಳಿಸಬಾರದೆಂದು ಮೇಲಿನಿಂದ ಆದೇಶವಿತ್ತು. ಹೆಡ್ ಕಾನ್‌ಸ್ಟೇಬಲ್ ಶಿವದೇವಿ ಗಡಿಯ ಕಡೆಯ ಕನ್ನಡದವಳು; ಆತ ಹೇಳಿದ್ದನ್ನು ಹೇಳಿದ ಹಾಗೆಯೇ ಕಂಪ್ಯೂಟರಿಗೆ ಹಾಕಿ, ವಾಸದ ಮನೆಯಲ್ಲಿ ಕಳವು ಎಂದು ಎಫ್‌ಐಆರ್ ಮಾಡಿಬಿಟ್ಟಳು.

ಎಂಟೂಕಾಲಿಗೆ ಬಂದ ಇನ್ಸ್‌ಪೆಕ್ಟರ್ ಸೂರ್ಯಕಾಂತರೂ ಅದೇ ಕಡೆಯವರು; ಅದನ್ನು ಓದಿ ತಲೆ ಹಿಡಿದುಕೊಂಡರು.

ನಾರಾಯಣಗೂಡದ ಮನೆಯಿಂದ ಠಾಣೆ ಮುಟ್ಟುವಷ್ಟರಲ್ಲಿ ಅವರಿಗೆ ಮೂರು ಕರೆ ಬಂದಿದ್ದವು. ಎರಡು, ಕ್ಯಾಬ್ ಡ್ರೈವರುಗಳು ಬಡಿದಾಡಿಕೊಂಡದ್ದು. ಒಂದು, ಪಕ್ಕದ ಫ್ಲ್ಯಾಟಿನ ನಾಯಿ ಬೇಕಂತಲೇ ಬೊಗಳುತ್ತದೆ ಎಂಬುದು. ಅದರ ಮೇಲೆ ಇದು. ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: 'ಕಾಡು ಕೌಜುಗ ಒಂದು, ಗಂಡು, ಮೂರು ವರ್ಷದಿಂದ ನನ್ನ ವಶದಲ್ಲಿತ್ತು.' ಕೆಳಗೆ ಹೆಬ್ಬೆಟ್ಟು.

"ಶಿವದೇವಿ, ಇದು ದೂರಲ್ಲ, ತಪ್ಪೊಪ್ಪಿಗೆ. ಕಾಡಹಕ್ಕಿ ಮನ್ಯಾಗ ಇಟ್ಕೊಂಡ್ರ ಮೂರು ವರ್ಷ ಜೇಲು."

"ಆತ ಹೇಳಿದ್ದು ಬರದೀನಿ ಸಾರ್. ಅಳಸಾಕ ಬರಂಗಿಲ್ಲ."

ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ ಎಂದರೆ ಇದೇ. ಕರೆದವನಾದರೂ ಪಾಪ, ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ನಿಶ್ಚಿಂತೆಯಿಂದ ಕೂತಿದ್ದ.

"ಹೊಟೇಲಿನ್ಯಾಗ ಬೋರ್ಡ್ ಹಾಕಿ ಕೌಜುಗ ಕರದು ಮಾರ್ತಾರಲ್ರಿ ಸಾಹೇಬ್ರ. ನಾ ಕೊಂದು ತಿಂದಿಲ್ಲ, ಕಾಳು ಹಾಕಿ ಸಾಕೀನಿ. ನಂದ್ಯಾವ ತಪ್ಪು?"

"ಅವು ಫಾರಮ್ಮಿನ್ಯಾಗ ಹುಟ್ಟಿದ ಜಪಾನಿ ಹಕ್ಕಿ. ನಿಂದು ಕಾಡಿಂದು."

"ಹಂಗಾರ ತಿನ್ನಾಕ ಅಡ್ಡಿ ಇಲ್ಲದ ಕಾಡಹಕ್ಕಿ ಯಾವ್ಯಾವರಿ?"

ಅಷ್ಟು ಕೇಳಿದ್ದೇ ತಡ, ಠಾಣೆಗೆ ಠಾಣೆಯೇ ಪಂಚಾಯಿತಿಗೆ ಕೂತಿತು. ಕಾಡುಕೋಳಿ ನಡೆಯುತ್ತದೆ ಎಂದ ಡ್ರೈವರ್. ಕೊಕ್ಕರೆ ತಿಂದರೆ ಯಾರೂ ಕೇಳುವುದಿಲ್ಲ ಎಂದ ಸೆಂಟ್ರಿ. ಬೆಳವಕ್ಕಿಗೆ ಲೈಸೆನ್ಸ್ ಸಿಗುತ್ತದೆ ಎಂದು ತನ್ನ ಮಾವ ಹೇಳುತ್ತಿದ್ದರೆಂದಳು ಶಿವದೇವಿ. ಸೂರ್ಯಕಾಂತರು ಸಿಟ್ಟಿನಿಂದ ಅರಣ್ಯ ಇಲಾಖೆಯ ರೇಂಜ್ ಆಫೀಸರ್ ಶ್ರೀವಿದ್ಯಾ ಅವರಿಗೆ ಫೋನ್ ಮಾಡಿದರು.

ಆಕೆ ತೆಲುಗಿನಲ್ಲಿ ನಿಟ್ಟುಸಿರು ಬಿಟ್ಟು ಹೇಳಿದ್ದಿಷ್ಟು: "ಈ ವಾರ ಇದನ್ನು ಕೇಳಿದವರಲ್ಲಿ ನೀವು ಐದನೆಯವರು ಸಾರ್. ಹೊಡೆದು ತಿನ್ನಬಹುದಾದ ಕಾಡುಹಕ್ಕಿಗಳ ಪಟ್ಟಿ ಎಂಬುದೇ ಇಲ್ಲ. ಇದ್ದರೆ ತಾನೇ ಕೊಡುವುದು? ಹಕ್ಕಿಯನ್ನು ಮೊದಲು ಹುಡುಕಿ, ನಾನು ಬರುತ್ತೇನೆ."

ಒಂಬತ್ತೂವರೆಗೆ ಎಲ್ಲರೂ ಸ್ಥಳಕ್ಕೆ ಹೋದರು. ಗೇಟು ಹಾಕಿದ ದೊಡ್ಡ ಅಪಾರ್ಟ್‌ಮೆಂಟಿನ ಹಿಂದೆ ಮೂವತ್ತೆರಡು ತಗಡಿನ ಶೆಡ್ಡುಗಳು. ಇಬ್ಬರು ಗಾರೆ ಕೆಲಸದವರನ್ನು ಪಂಚರಾಗಿ ಕರೆದು ಶಿವದೇವಿ ಪಂಚನಾಮೆ ಶುರು ಮಾಡಿದಳು. ಪಂಜರ ತೂಗಿದ್ದ ಮೊಳೆ, ಚೆಲ್ಲಿದ ಜೋಳ, ಒಂದು ಗರಿ. ಕಂಡವರು ಯಾರೂ ಇಲ್ಲ. ಮೂವತ್ತೆರಡು ಶೆಡ್ಡು ಜಾಲಾಡಿದರೆ ಸಂಜೆಯಾಗುತ್ತದೆ.

"ನಾ ಕೂಗ್ತೀನ್ರಿ," ಎಂದ ದ್ಯಾವಪ್ಪ. "ತನ್ನ ಜಾಗದಾಗ ಇನ್ನೊಂದು ಗಂಡು ಕೂಗಿದ್ರ ಕೌಜುಗ ಸುಮ್ಮ ಕೂಡಂಗಿಲ್ಲ. ಜೀವ ಹೋದ್ರೂ ಜವಾಬು ಕೊಡ್ತೈತಿ."

ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇದೊಂದು ಬಾಕಿ ಇತ್ತು ಎಂದುಕೊಂಡು ಸೂರ್ಯಕಾಂತರು ಹೂಂ ಎಂದರು. ಮುದುಕ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗುತ್ತ ನಡೆದ. ಹಿಂದೆ ಇನ್ಸ್‌ಪೆಕ್ಟರ್, ಅವರ ಹಿಂದೆ ಪಂಚರು. ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಜನ ಮೊಬೈಲ್ ಹಿಡಿದು ನಿಂತರು. ಹತ್ತೊಂಬತ್ತನೇ ಶೆಡ್ಡಿನ ಮುಂದೆ ಬಂದಾಗ ಒಳಗಿನಿಂದ ರೋಷದ ಉತ್ತರ ಬಂತು.

ಸಮಯ ಹತ್ತು ಇಪ್ಪತ್ತು. ಒಳಗೆ ಬಿದಿರು ಬುಟ್ಟಿ, ಮೇಲೊಂದು ಸಿಮೆಂಟ್ ಇಟ್ಟಿಗೆ, ಕೆಳಗೆ ಕೌಜುಗ. ಒಲೆಯ ಪಕ್ಕದಲ್ಲಿ ಅರೆದಿಟ್ಟ ಖಾರ ಒಣಗಿತ್ತು. ಮೂಲೆಯಲ್ಲಿ ಹನ್ನೆರಡು ದಿನದ ಬಾಣಂತಿ ರೇಣುಕಾ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. ಗಂಡ ಹಂಪಯ್ಯ, ಸೂರ್ಯಕಾಂತರು ಕೇಳುವ ಮೊದಲೇ ಕೈ ಮುಗಿದ.

"ಯಾಕ ಕದ್ದಿ?"

"ಇಕಿಗೆ ಹಾಲು ಬರವಲ್ದುರಿ. ಕೌಜುಗದ ಸಾರು ಕೊಡು ಅಂತ ನಮ್ಮತ್ತಿ ಫೋನ್ ಮಾಡಿದ್ಳು."

"ಅಂಗಡ್ಯಾಗ ಫಾರಂ ಹಕ್ಕಿ ಸಿಗ್ತಿತ್ತಲ್ಲೋ!"

"ಫಾರಮ್ಮಿಂದು ನಡಿಯಂಗಿಲ್ಲಂತ್ರಿ. ಹೊಲದಾಗ ಕೂಗೂದ ಬೇಕಂತ."

"ಮತ್ತ ನಿನ್ನೆಯಿಂದ ಯಾಕ ಕೊಯ್ದಿಲ್ಲ?"

ಉತ್ತರ ಕೊಟ್ಟವಳು ರೇಣುಕಾ. "ನಾ ಬಿಡಲಿಲ್ರಿ. ದಿನಾ ಮುಂಜಾನೆ ಇದು ಕೂಗಿದ್ರ ನನ್ನ ಕೂಸು ಅಳೂದು ನಿಲ್ಲಸ್ತೈತಿ. ವಾಪಸ್ ಕೊಟ್ರ ಇವರನ್ನ ಹೊಡೀತಾರಂತ ಅಂಜಿದೆ."

ದ್ಯಾವಪ್ಪ ಬುಟ್ಟಿ ಎತ್ತಿದ. ಹಕ್ಕಿ ಓಡಲಿಲ್ಲ, ಅವನ ತೋಳು ಹತ್ತಿ ಕೂತಿತು. "ಸಿಕ್ತಲ್ರಿ ಸಾಹೇಬ್ರ. ಕೇಸ್ ಬ್ಯಾಡ. ಇವ ಕೇಳಿದ್ರ ಒಂದು ನಾಟಿಕೋಳಿ ನಾನ ಕೊಡ್ತಿದ್ದೆ."

"ಬ್ಯಾಡ ಅಂದ್ರ ಮುಗೀತೇನು? ನಿಂದ ಒಂದು ಕೇಸ್ ಐತಿ ಮಾರಾಯ!" ಸೂರ್ಯಕಾಂತರ ದನಿ ಬಾಲ್ಕನಿಗಳವರೆಗೂ ಹೋಯಿತು. ಬೈಯಬೇಕೆಂದರೆ ಬೈಯಿಸಿಕೊಳ್ಳಲು ತಕ್ಕ ಒಬ್ಬ ಕೆಟ್ಟವನೂ ಅಲ್ಲಿರಲಿಲ್ಲ. ಅದೇ ಅವರ ಸಂಕಟ.

ಬಾಣಂತಿಯ ಮುಖ ನೋಡಿ ಹಂಪಯ್ಯನಿಗೆ ನೋಟಿಸು ಕೊಟ್ಟು, ಕರೆದಾಗ ಬರಬೇಕೆಂದು ಬಿಟ್ಟರು. ರೇಣುಕಾಳನ್ನು ಸರ್ಕಾರಿ ಆಸ್ಪತ್ರೆಗೆ ತೋರಿಸುವಂತೆ ಶಿವದೇವಿಗೆ ಹೇಳಿದರು. ಹನ್ನೆರಡು ಹತ್ತಕ್ಕೆ ಶ್ರೀವಿದ್ಯಾ ಬಂದರು. ಹಕ್ಕಿ ಜಪ್ತಿಯಾಯಿತು, ದ್ಯಾವಪ್ಪನ ಬಂಧನವೂ ಆಯಿತು. ಉರುಳು ಹಾಕಿ ಹಿಡಿದಿದ್ದರೆ ಜಾಮೀನು ಕಷ್ಟ ಎಂದರು ಆಕೆ. ಬೆಳಿಗ್ಗೆಯಿಂದ ಎಲ್ಲಕ್ಕೂ ಬಾಯಿ ಬಿಟ್ಟಿದ್ದ ಮುದುಕ, ಹಕ್ಕಿ ಎಲ್ಲಿ ಸಿಕ್ಕಿತೆಂದು ಕೇಳಿದರೆ ಮಾತ್ರ ನೆಲ ನೋಡುತ್ತಿದ್ದ.

ಒಂದೂವರೆಗೆ ಠಾಣೆಯಲ್ಲಿ ಸೂರ್ಯಕಾಂತರು ಅವನ ಮುಂದೆ ಚಹಾ ಇಟ್ಟರು. "ಯಜಮಾನ, ನೀ ಹೇಳ್ಲಿಲ್ಲಂದ್ರ ಉರುಳು ಹಾಕಿ ಹಿಡದಿ ಅಂತ ಬರೀಬೇಕಾಗ್ತೈತಿ. ಜೇಲು ನಿನಗ, ನನಗಲ್ಲ."

ಚಹಾ ಆರಿದ ಮೇಲೆ ದ್ಯಾವಪ್ಪ ಬಾಯಿ ತೆರೆದ. ಮೂರು ವರ್ಷದ ಹಿಂದೆ ಅದೇ ಅಪಾರ್ಟ್‌ಮೆಂಟಿನ ಜಾಗದಲ್ಲಿ ಕುರುಚಲು ಗಿಡ ತೆಗೆಯುತ್ತಿದ್ದರು. ಜೆಸಿಬಿಯ ಮುಂದೆ ಕೆಂಪು ಬಟ್ಟೆ ಹಿಡಿದು ದಾರಿ ತೋರಿಸುವುದು ಅವನ ಕೆಲಸ. ಎಲ್ಲೂ ನಿಲ್ಲಿಸಬೇಡವೆಂದು ಮೇಸ್ತ್ರಿ ಹೇಳಿದ್ದ.

"ಪೊದ್ಯಾಗ ಎಂಟು ತತ್ತಿ ಇದ್ದುವುರಿ. ಕಂಡಿದ್ದೆ. ಕಂಡೂ ಬಾ ಬಾ ಅಂತ ಕೈ ಮಾಡಿದೆ. ಗಾಡಿ ಹೋದ ಮ್ಯಾಲ ನೋಡಿದ್ರ ಒಂದು ಉಳದಿತ್ತು. ಬಾಜೂ ಶೆಡ್ಡಿನ ಯಂಕಮ್ಮನ ಕೋಳಿ ಕಾವು ಕೂತಿತ್ತು, ಅದರ ಬುಡಕ್ಕ ಇಟ್ಟೆ. ತಾಯಿ ಹಕ್ಕಿ ನಾಕು ದಿನ ಅಲ್ಲೇ ತಿರಗ್ಯಾಡಿ ಕೂಗ್ತುರಿ. ಆ ಪಾಪ ತೊಳಕೊಳ್ಳಾಕ ಇದನ್ನ ಸಾಕೀನಿ."

ಸೂರ್ಯಕಾಂತರು ಶ್ರೀವಿದ್ಯಾರ ಮುಖ ನೋಡಿದರು. "ಗೂಡು, ಮೊಟ್ಟೆ ಹಾಳು ಮಾಡುವುದೂ ಕಾನೂನಿನಲ್ಲಿ ಬೇಟೆಯೇ," ಎಂದರು ಆಕೆ, ನಿಧಾನವಾಗಿ. "ಆದರೆ ಯಾರೂ ದೂರು ಕೊಡುವುದಿಲ್ಲ."

ಇನ್ಸ್‌ಪೆಕ್ಟರ್ ಹೊಸ ಹಾಳೆ ಎಳೆದುಕೊಂಡರು. ಅವರಿಗೆ ಬೆಳಿಗ್ಗೆಯಿಂದ ಬಂದ ಸಿಟ್ಟಿಗೆ ಈಗ ಒಂದು ವಿಳಾಸ ಸಿಕ್ಕಿತ್ತು. "ತಾರೀಖು ಹೇಳು. ಜೆಸಿಬಿ ಯಾರದು? ಮೇಸ್ತ್ರಿ ಯಾರು? ಬಿಲ್ಡರ್ ಯಾರು? ಒಂದೊಂದ ಹೆಸರು ಹೇಳು, ನಾ ಬರಕೋತೀನಿ."

ದ್ಯಾವಪ್ಪ ಹೆಬ್ಬೆರಳಿನ ಮಸಿಯನ್ನು ಪಂಚೆಗೆ ಒರೆಸಿಕೊಂಡ. "ಮೊದಲು ನನ್ನ ಹೆಸರು ಬರೀರಿ ಸಾಹೇಬ್ರ. ಕೈ ಮಾಡಿದಾಂವ ನಾನ."