ಮುರಿಯದ ಹಳದಿ ಗೆರೆ

"ಬಿಡಬೇಡ ಚಿಕ್ಕಮ್ಮಾ! ಬಟ್ಟೆ ಇನ್ನೂ ಒತ್ತಿ ಹಿಡಿ!"

"ಹಿಡಿದೀನಿ ಕಣೇ! ಮೂಗೊಳಗೆಲ್ಲ ಪೆಟ್ರೋಲು! ನಾಳೆ ನನ್ನ ಅಂಗಡೀಲಿ ಮೀನಿನ ಬಜ್ಜಿ, ಬಕಲಾಯಿತೋ ತಿಂದವರು, ಇದೇನಮ್ಮ ಮೀನಿಗೂ ಎಂಜಿನ್ ಇತ್ತಾ ಅಂತ ಕೇಳ್ತಾರೆ!"

ಮಿಗ್ದಾಲಿಯಾ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಹೊಗೆ ಕೊಳವೆಯ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದಿದ್ದಳು. ಎಂಜಿನ್ ಓಡುತ್ತಿತ್ತು; ಒಳಗೆ ಒತ್ತಡ ಏರಿದರೆ ಸೋರುವ ಕಡೆ ಗುಳ್ಳೆ ಏಳಬೇಕು. ಮುಂದೆ, ಬಾನೆಟ್ಟಿನ ಕೆಳಗೆ ಅರ್ಧ ದೇಹ ತೂರಿಸಿದ್ದ ಜುಲ್ಮಾ, ಹೊಗೆ ಹೊರಗೊಯ್ಯುವ ಹೆಡರ್ ಕೊಳವೆಗಳು ಎಂಜಿನ್ನಿಗೆ ಸೇರುವ ಅಂಚಿಗೆ ಸೋಪಿನ ನೀರು ಹನಿಸುತ್ತಿದ್ದಳು.

ಮೊದಲನೇ ಕೊಳವೆ... ಏನೂ ಇಲ್ಲ. ಎರಡನೇದು... ಇಲ್ಲ.

ಮೂರನೇದರ ಬುಡದಲ್ಲಿ ಬುಳುಬುಳು ಗುಳ್ಳೆ!

"ಸಿಕ್ತು! ಚಿಕ್ಕಮ್ಮಾ, ಸಿಕ್ಕೇಬಿಡ್ತು!"

ಎಂಜಿನ್ ಆರಿಸಿ ಅವಳು ಅಂಗಳದಲ್ಲಿ ಒಂದು ಸುತ್ತು ಕುಣಿದಳು.

ಅವಳ ಆ ಹಳೇ ಕೊರೊಲಾಗೆ ಹೊಸ ಹೆಡರ್ ಹಾಕಿಕೊಟ್ಟವನು ಅವಳ ಹುಡುಗ ಎಡ್ಗಾರ್ಡೊ. ಹುಟ್ಟುಹಬ್ಬದ ಉಡುಗೊರೆ ಅಂತ, ತನ್ನ ಕೈಯಾರೆ. ಅವತ್ತಿನಿಂದಲೇ ಕಾರಿಗೆ ಗ್ರಹಚಾರ ಹಿಡಿಯಿತು. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಇದ್ದಿಲಾದ ಸ್ಪಾರ್ಕ್ ಪ್ಲಗ್ಗುಗಳು. ಜುಲ್ಮಾ ಇಂಜೆಕ್ಟರ್ ತೊಳೆದಳು, ಫಿಲ್ಟರ್ ಬದಲಿಸಿದಳು, ಹೊಗೆ ಮೂಸುವ ಸೆನ್ಸರನ್ನೂ ಹೊಸದು ಹಾಕಿದಳು. ಪ್ರತಿ ಸಲ ಎಡ್ಗಾರ್ಡೊ ಬಂದು ಅವಳ ಹಣೆಗೆ ಮುತ್ತಿಟ್ಟು ಹೇಳುತ್ತಿದ್ದ:

"ಕಾರಿಗೇನೂ ಆಗಿಲ್ಲ ಮುದ್ದು. ನಿನ್ನ ಕಾಲು ಭಾರ. ಸುಮ್ನೆ ಒತ್ತಿಬಿಡ್ತೀಯ."

ಅವಳು ನಂಬಿದಳು. ಕಾಲು ಹಗುರ ಆಗಲಿ ಅಂತ ಚಪ್ಪಲಿ ಬಿಚ್ಚಿಟ್ಟು, ಬರಿಗಾಲಲ್ಲಿ ಕಾರು ಓಡಿಸೋದು ಕಲಿತಳು. ನಾಳೆ ಭಾನುವಾರ, ರೇಸು. ಅವಳು ಓಡಿಸುವ ವರ್ಗದಲ್ಲೇ ಎಡ್ಗಾರ್ಡೊನ ಕಾರೂ ಓಡುತ್ತದೆ. ಗ್ವಾಯಾಮಾ ಊರಿನ ಹುಡುಗರೆಲ್ಲ ಆಗಲೇ ಅವನನ್ನು ಛೇಡಿಸತೊಡಗಿದ್ದರು: ನಿನ್ನ ಹುಡುಗಿ ನಿನಗೆ ಧೂಳು ಕುಡಿಸ್ತಾಳೆ ಕಣೋ!

"ಇಷ್ಟೇನಾ ರೋಗ?" ಮಿಗ್ದಾಲಿಯಾ ಏಪ್ರನ್ನಿನಲ್ಲೇ ಮುಖ ಒರೆಸಿಕೊಂಡಳು. "ಗಾಳಿ ಸೋರಿದ್ರೆ ಪೆಟ್ರೋಲ್ ಯಾಕೆ ಜಾಸ್ತಿ ಕುಡಿಯುತ್ತೆ?"

"ಸಂದಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಸೆನ್ಸರ್ ಅದನ್ನ ಮೂಸಿ, ಅಯ್ಯೋ ಪೆಟ್ರೋಲ್ ಸಾಲ್ತಿಲ್ಲ ಅಂದ್ಕೊಳ್ಳುತ್ತೆ. ಕಂಪ್ಯೂಟರ್ ಇನ್ನಷ್ಟು ಸುರಿಯುತ್ತೆ. ಹೊಸ ಹೆಡರ್ ಅಲ್ವಾ, ಕಾದು ತಣ್ಣಗಾದಾಗ ಬೋಲ್ಟ್ ಸಡಿಲ ಆಗಿರುತ್ತೆ. ಪಾಪ, ಎಡ್ಗಾರ್ಡೊಗೆ ಗೊತ್ತಾಗಿಲ್ಲ..."

ಕೊಳವೆ ಆರಿದ ಮೇಲೆ ಅವಳು ಸ್ಪ್ಯಾನರ್ ಹಿಡಿದು ಬಗ್ಗಿದಳು. ಸ್ಪ್ಯಾನರೇ ಬೇಕಾಗಲಿಲ್ಲ. ಬೋಲ್ಟು ಎರಡೇ ಬೆರಳಿಗೆ ತಿರುಗಿತು.

ತಿರುಗಿದ್ದೇ ತಡ, ಅದರ ಮೇಲಿದ್ದ ಹಳದಿ ಗೆರೆ ಎರಡು ತುಂಡಾಯಿತು.

ಜುಲ್ಮಾಳ ಕೈ ಅಲ್ಲೇ ನಿಂತಿತು.

ಅದು ಎಡ್ಗಾರ್ಡೊನ ಪದ್ಧತಿ. ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಪಕ್ಕದ ಲೋಹಕ್ಕೂ ಸೇರಿಸಿ ಒಂದೇ ಎಳೆಯಲ್ಲಿ ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದ. ಬೋಲ್ಟು ತಾನಾಗಿ ಸಡಿಲವಾದರೆ ತಿರುಗಬೇಕು, ತಿರುಗಿದರೆ ಗೆರೆ ಮುರಿಯಬೇಕು. ಆದರೆ ಈ ಗೆರೆ ಇಷ್ಟು ದಿನ ನೆಟ್ಟಗೇ ಇತ್ತು. ಅದು ಮುರಿದದ್ದು ಈಗ, ಅವಳ ಬೆರಳಿಂದ!

ಅಂದರೆ... ಗೆರೆ ಎಳೆದಾಗಲೇ ಬೋಲ್ಟು ಸಡಿಲವಿತ್ತು.

ಇಲ್ಲ. ಮರೆತಿರಬೇಕು. ಮನುಷ್ಯ ತಾನೇ, ಮರೆಯಲ್ವಾ?

ಒಂದೊಂದಾಗಿ ಉಳಿದವನ್ನು ಮುಟ್ಟಿ ನೋಡಿದಳು. ಎಲ್ಲ ಕಲ್ಲಿನ ಹಾಗೆ ಬಿಗಿ. ಮೂರನೇ ಕೊಳವೆಯ ಇನ್ನೊಂದು ಬೋಲ್ಟನ್ನು ಮಾತ್ರ ಮುಟ್ಟಲು ಧೈರ್ಯವಾಗಲಿಲ್ಲ. ಅದರ ಗೆರೆಯೂ ನೆಟ್ಟಗಿತ್ತು.

ಗೇಟಿನ ಹತ್ತಿರ ಪಿಕಪ್ ನಿಂತ ಸದ್ದಾಯಿತು. ಎಡ್ಗಾರ್ಡೊ ಮಾಲ್ಟಾ ಪಾನೀಯದ ಮೂರು ತಣ್ಣನೆಯ ಬಾಟಲಿ ಹಿಡಿದು ನಗುತ್ತಾ ಬಂದ.

"ಏನು ಮುದ್ದು, ಮತ್ತೆ ಬಾನೆಟ್ ಎತ್ತಿದೀಯಾ? ಕಾರಿಗೂ ಒಂದು ದಿನ ರಜ ಕೊಡೇ!"

"ಇಲ್ಲಿ ಬಾ." ಅವಳು ತಾನು ಮುಟ್ಟದೆ ಬಿಟ್ಟ ಬೋಲ್ಟ್ ತೋರಿಸಿದಳು. "ಇದನ್ನ ತಿರುಗಿಸು."

"ಸ್ಪ್ಯಾನರ್ ಕೊಡು."

"ಕೈಯಲ್ಲೇ ತಿರುಗಿಸು."

ಅವನು ಬಗ್ಗಲಿಲ್ಲ. ನಗು ಮಾತ್ರ ಮುಖದಿಂದ ಇಳಿಯಿತು.

"ಬಿಸಿಗೆ... ಸಡಿಲ ಆಗಿರುತ್ತೆ."

"ಗೆರೆ ನೋಡಿ ಹೇಳು, ಎಡ್ಗಾರ್ಡೊ!"

"ನಾನು ಒಳಗೆ ಹೋಗ್ತೀನಪ್ಪ," ಅಂದಳು ಮಿಗ್ದಾಲಿಯಾ. ಆದರೆ ಕೂತಲ್ಲಿಂದ ಅಲುಗಲಿಲ್ಲ.

ಎಡ್ಗಾರ್ಡೊ ಬಾಟಲಿಗಳನ್ನು ನೆಲಕ್ಕಿಟ್ಟ. "ನಾಳೆ ಒಂದು ದಿನದ ಮಟ್ಟಿಗೆ ಅಷ್ಟೆ. ಸೋಮವಾರ ನಾನೇ ಬಿಗಿ ಮಾಡ್ತಿದ್ದೆ. ಆಣೆ."

"ಯಾಕೆ?"

ಅವನು ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ತೆರೆದ. ಉಂಗುರ.

"ಗೆದ್ದು, ಎಲ್ಲರ ಎದುರು ಮಂಡಿಯೂರಿ ಕೇಳಬೇಕು ಅಂತಿದ್ದೆ. ನಿನ್ನ ಕೈಲಿ ಸೋತು ಹೇಗೆ ಕೇಳಲಿ, ಹೇಳು? ಹುಡುಗರು ಜೀವಮಾನವೆಲ್ಲ ನಗ್ತಿದ್ರು..."

ಈ ಉಂಗುರಕ್ಕಾಗಿ ಜುಲ್ಮಾ ಎಷ್ಟು ರಾತ್ರಿ ಕನಸು ಕಂಡಿದ್ದಳು! ಅದು ಬಂದದ್ದು ಹೀಗೆ, ಅವಳನ್ನು ಸೋಲಿಸುವ ಕೆಲಸದ ಕೊನೇ ಭಾಗವಾಗಿ...

"ಕಾರಿಗೆ ಮಾಡಿದ್ದನ್ನ ಹೇಗೋ ನುಂಗಿಕೊಳ್ತಿದ್ದೆ," ಅವಳು ಅಂದಳು. "ಆದ್ರೆ ನಿನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನ ಹಣೆಗೆ ಮುತ್ತಿಟ್ಟು, ತಪ್ಪು ನಿನ್ನದೇ ಅಂದೆ. ಬರಿಗಾಲಲ್ಲಿ ಪೆಡಲ್ ಒತ್ತಿ ಒತ್ತಿ ಕಾಲಲ್ಲಿ ಬೊಬ್ಬೆ ಬಂತು. ಅದಕ್ಕೆ ಮುಲಾಮು ಹಚ್ಚಿದವನೂ ನೀನೇ!"

ಅವನ ಕಣ್ಣು ತುಂಬಿತು. ಆ ಕಣ್ಣೀರು ನಿಜವೇ ಆಗಿತ್ತು. ಅದೇ ಅವಳಿಗೆ ಇನ್ನಷ್ಟು ನೋವು ಕೊಟ್ಟಿತು.

"ನಾಳೆ ನಾನು ಓಡಿಸಲ್ಲ ಜುಲ್ಮಾ. ಹೆಸರು ವಾಪಸ್ ತಗೋತೀನಿ. ನೀನೇ ಗೆಲ್ಲು."

"ನೀನು ಬಿಟ್ಟುಕೊಟ್ಟ ಗೆಲುವು ನನಗ್ಯಾಕೆ? ಬಾ. ಎಷ್ಟು ಜೋರಾಗಿ ಓಡಿಸೋಕಾಗುತ್ತೋ ಅಷ್ಟು ಜೋರಾಗಿ ಓಡಿಸು."

ಅವಳು ಸ್ಪ್ಯಾನರ್ ಎತ್ತಿಕೊಂಡು ಮೊದಲ ಬೋಲ್ಟಿಗೆ ಕೂರಿಸಿ ತೋಳಿನ ಬಲವೆಲ್ಲ ಹಾಕಿ ಎಳೆದಳು. ಆಮೇಲೆ ಎರಡನೇದು. ಅವನು ಡಬ್ಬಿ ಹಿಡಿದುಕೊಂಡೇ ನಿಂತಿದ್ದ.

"ನನ್ನ ಮೇಲೆ ಪ್ರೀತಿ ಇಲ್ವಾ ನಿನಗೆ?"

"ಇದೆ." ಅವಳು ತಲೆ ಎತ್ತಲಿಲ್ಲ. "ಇಲ್ದಿದ್ರೆ ಇಷ್ಟು ಉರೀತಿರಲಿಲ್ಲ."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಉಂಗುರವನ್ನು ಡಬ್ಬಿಯಿಂದ ಬಿಡಿಸಿ, ಬಾನೆಟ್ಟಿನ ಅಂಚಿಗೆ, ಅವಳ ಕೈಗೆ ಸಿಗುವಷ್ಟು ಹತ್ತಿರ ಇಟ್ಟ.

"ಹಾಗಾದ್ರೆ ಇದನ್ನ ಇಟ್ಕೋ. ಈಗ ಉತ್ತರ ಬೇಡ. ಸುಮ್ನೆ ಇಟ್ಕೋ, ಮುದ್ದು..."

ಜುಲ್ಮಾ ಮಸಿ ಮೆತ್ತಿದ ಕೈಯಿಂದ ಉಂಗುರ ಎತ್ತಿ, ಅವನ ಅಂಗೈ ಬಿಡಿಸಿ, ಅದರೊಳಗಿಟ್ಟು ಬೆರಳುಗಳನ್ನು ಮಡಚಿದಳು.

"ಬೇಡ."